ರಿಪೀಟರ್‌ಗೆ ಇಂಟರ್ನೆಟ್ ಕೊಂಡಿ: ಇಲ್ಲಿಯವರೆಗಿನ ಕೆಲಸ

ಕೊಡಗಿನ ಮಳೆಗಾಲದ ಹಬ್ಬ ಕಕ್ಕಡ ಹದಿನೆಂಟು ಕಳೆದು ಎರಡು ದಿನ. ಮಳೆ ಬಿಟ್ಟಿಲ್ಲ. ಹ್ಯಾಮ್‌ಗಳಿಗಾಗಿ, ಅಂದರೆ ಹವ್ಯಾಸಿ ರೇಡಿಯೋದವರಿಗಾಗಿ, ಒಂದು ರಿಪೀಟರ್ ಕಟ್ಟುತ್ತಿದ್ದೇನೆ: ಒಂದು ಸೆಟ್‌ನ ದನಿ ಹಿಡಿದು ದೂರಕ್ಕೆ ಮರುಪ್ರಸಾರ ಮಾಡುವ ಯಂತ್ರ. ಅದಕ್ಕೆ ಇಂಟರ್ನೆಟ್ ಕೊಂಡಿಯನ್ನೂ ಹಾಕುತ್ತಿದ್ದೇನೆ. ಇವತ್ತು ಮೈಸೂರಿನ ಗೆಳೆಯರೊಬ್ಬರ ದನಿ ಮಡಿಕೇರಿಯ ನನ್ನ ಕೋಣೆಯಲ್ಲಿ ಹ್ಯಾಂಡಿಯಿಂದ (ಕೈಯಲ್ಲಿ ಹಿಡಿಯುವ ರೇಡಿಯೋ ಸೆಟ್) ಕೇಳಿಸಿತು. ಅವರು ಫೋನಿನ ಎಕೋಲಿಂಕ್ ಆಪ್‌ನಲ್ಲಿ ಮಾತಾಡುತ್ತಿದ್ದರು; ಹ್ಯಾಮ್‌ಗಳ ದನಿಯನ್ನು ಇಂಟರ್ನೆಟ್ ಮೂಲಕ ಸಾಗಿಸುವ ವ್ಯವಸ್ಥೆ ಅದು. ಎಷ್ಟು ಖುಷಿಯಾಯಿತು ಅಂದರೆ ಉತ್ತರ ಕೊಡುವುದೇ ಮರೆತುಹೋಯಿತು.

ಸದ್ಯ ಇರುವುದು ಇಷ್ಟು: ಎರಡು ಹಳೆಯ ವಿಎಚ್‌ಎಫ್ ರೇಡಿಯೋ ಸೆಟ್, ರಾಸ್ಪ್‌ಬೆರಿ ಪೈ ಎಂಬ ಒಂದು ಪುಟ್ಟ ಕಂಪ್ಯೂಟರ್, ಅದರಲ್ಲಿ ರಿಪೀಟರ್ ನಡೆಸುವ ಎಸ್‌ವಿಎಕ್ಸ್‌ಲಿಂಕ್ ಸಾಫ್ಟ್‌ವೇರ್, 12 ವೋಲ್ಟಿನ ಬ್ಯಾಟರಿ. ಪರವಾನಗಿಯ ಕಾಗದ ಕೈಗೆ ಬರುವವರೆಗೆ ಆಂಟೆನಾ ಏರಿಸುವುದಿಲ್ಲ. ಆಂಟೆನಾ ಬದಲು ಹಾಕಿದ ಡಮ್ಮಿ ಲೋಡ್‌ನಿಂದ (ಸಿಗ್ನಲನ್ನು ಹೊರಬಿಡದೆ ಶಾಖವಾಗಿಸುವ ಭಾಗ) ಸೋರುವ ಅಷ್ಟೇ ಸಿಗ್ನಲ್ ಪಕ್ಕದ ಕೋಣೆಗೆ ಸಾಕು. ಡಿಎಂಆರ್ ಎಂಬ ಡಿಜಿಟಲ್ ರೇಡಿಯೋ ಪದ್ಧತಿ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಅದಕ್ಕೆ ಎಲ್ಲರೂ ಹೊಸ ಸೆಟ್ ಕೊಳ್ಳಬೇಕು. ಎಕೋಲಿಂಕ್ 2002ರಿಂದ ಇದೆ, ಮನೆಯಲ್ಲಿರುವ ಮಾಮೂಲಿ ಹ್ಯಾಂಡಿಯೇ ಸಾಕು.

ಜಾಸ್ತಿ ಕಾಡಿದ್ದು ಮೊಬೈಲ್ ಡೇಟಾ. ಅದರಲ್ಲಿ ನಾನು ಇಂಟರ್ನೆಟ್‌ಗೆ ಹೋಗಬಹುದು, ಹೊರಗಿನವರು ನನ್ನ ಪೈಗೆ ಬರಲಾಗುವುದಿಲ್ಲ. ಎಕೋಲಿಂಕ್‌ಗೆ 5198 ಮತ್ತು 5199ನೇ ಯುಡಿಪಿ ಪೋರ್ಟ್ (ಡೇಟಾ ಒಳಬರುವ ಬಾಗಿಲು) ತೆರೆದಿರಬೇಕು. ಸಿಮ್‌ನಲ್ಲಿ ಒಂದೇ ಐಪಿಯನ್ನು ನೂರಾರು ಜನ ಹಂಚಿಕೊಂಡಿರುತ್ತಾರೆ, ಅಲ್ಲಿ ಪೋರ್ಟ್ ತೆರೆಯುವ ದಾರಿಯೇ ಇಲ್ಲ. ನಾಲ್ಕು ರಾತ್ರಿ ರೂಟರ್ ಮುಂದೆ ಸುಮ್ನೆ ಕಳೆದೆ. ಕೊನೆಗೆ ಪ್ರಾಕ್ಸಿ, ಅಂದರೆ ನಡುವೆ ನಿಂತು ಡೇಟಾ ದಾಟಿಸುವ ಸರ್ವರ್, ಹಾಕಿದ ಮೇಲೆ ದಾರಿಯಾಯಿತು.

ಆಮೇಲೆ ಸ್ಕ್ವೆಲ್ಚ್, ಅಂದರೆ ಸಿಗ್ನಲ್ ಇಲ್ಲದಾಗ ಸದ್ದು ಮುಚ್ಚಿಡುವ ಗೇಟು. ಪಕ್ಕದ ಚಾರ್ಜರ್‌ನ ಗದ್ದಲಕ್ಕೇ ಅದು ತೆರೆದುಕೊಂಡು, ಆ ಬುಸ್ ಸದ್ದು ಮೈಸೂರಿಗೂ ಹೋಯಿತು. 88.5 ಹರ್ಟ್ಸ್ ಟೋನ್ ಇರುವ ಸಿಗ್ನಲ್‌ಗೆ ಮಾತ್ರ ತೆರೆಯುವಂತೆ ಇಟ್ಟ ಮೇಲೆ ಶಾಂತ.

ಇಷ್ಟೆಲ್ಲ ಯಾಕೆ? ನಮ್ಮಲ್ಲಿ ಬೆಟ್ಟ ಅಡ್ಡ ಬಂದರೆ ವಿಎಚ್‌ಎಫ್ ಸಿಗ್ನಲ್ ಅಲ್ಲಿಗೇ ನಿಂತಿತು. ತಡಿಯಂಡಮೋಳ್ 1,748 ಮೀಟರ್ ಎತ್ತರ, ಅದರ ಮರೆಯಲ್ಲಿ ಕೂತವರಿಗೆ ಮಡಿಕೇರಿ ದೂರವೇ. ರಿಪೀಟರ್ ಬಂದರೆ ಒಂದಷ್ಟು ಸರಿಹೋಗುತ್ತದೆ. ಆದರೆ ಜಿಲ್ಲೆಯಲ್ಲಿ ಹ್ಯಾಮ್‌ಗಳು ಕಡಿಮೆ. ಹೊಸಬರು ಪರೀಕ್ಷೆ ಪಾಸಾಗಿ, ಹ್ಯಾಂಡಿ ತಂದು, ವಾರಗಟ್ಟಲೆ ಕರೆಯುತ್ತಾರೆ. ಯಾರೂ ಓಗೊಡುವುದಿಲ್ಲ. ಸೆಟ್ ಬೀರು ಸೇರುತ್ತದೆ. ಕೊಂಡಿ ಇದ್ದರೆ ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ಯಾರಾದರೂ ಮಾತಾಡುತ್ತಾರೆ, ಅಲ್ವಾ? ಮಾತು ನಡೆದರೆ ಬ್ಯಾಟರಿ ಚಾರ್ಜ್ ಆಗಿರುತ್ತದೆ, ನಾಲಿಗೆಗೆ ಅಭ್ಯಾಸ ಇರುತ್ತದೆ.

2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ನಮ್ಮ ಮನೆಯಲ್ಲಿ ಕರೆಂಟೂ ಇರಲಿಲ್ಲ, ಮೊಬೈಲ್ ಸಿಗ್ನಲ್ಲೂ ಇರಲಿಲ್ಲ. ಅಂಥ ದಿನ ಇಂಟರ್ನೆಟ್ ಕೊಂಡಿಯೂ ಸಾಯುತ್ತದೆ. ಆಗ ರಿಪೀಟರ್ ಒಂಟಿಯಾಗಿ ನಿಲ್ಲಲೇಬೇಕು. ಈ ಕೆಲಸದಲ್ಲಿ ನನಗೆ ಇದಕ್ಕಿಂತ ಮುಖ್ಯವಾದ್ದು ಬೇರೆ ಇಲ್ಲ.

ಹಾಗಾಗಿ ಇವತ್ತು ಸಂಜೆ ಬೇಕಂತಲೇ ಸಿಮ್ ಕಿತ್ತೆ. ನೆಟ್ ಹೋದರೆ ಎಕೋಲಿಂಕನ್ನು ಮಾತ್ರ ಬಿಡಿಸು ಅಂತ ಬರೆದಿದ್ದ ಸ್ಕ್ರಿಪ್ಟ್ ಇಡೀ ಸಾಫ್ಟ್‌ವೇರನ್ನೇ ಮತ್ತೆ ಶುರು ಮಾಡಿತು. ಅಷ್ಟು ಹೊತ್ತು ರಿಪೀಟರ್ ಮೂಕ. ಇದು ಒಪ್ಪುವ ಮಾತಲ್ಲ. ತಿದ್ದಿದೆ. ಎರಡನೇ ಸಲ ಸಿಮ್ ಕಿತ್ತಾಗ ಪಕ್ಕದ ಕೋಣೆಯ ಹ್ಯಾಂಡಿಗೆ ನನ್ನ ದನಿ ತಡೆಯಿಲ್ಲದೆ ಬಂತು.

ನಾಳೆ ಮೇನ್ಸ್ ತೆಗೆದು ಬ್ಯಾಟರಿ ಒಂದರ ಮೇಲೆ ಎಷ್ಟು ಗಂಟೆ ಓಡುತ್ತದೆ ಅಂತ ನೋಡಬೇಕು.