ಐದು ಪರ್ಸೆಂಟ್ ಮಣ್ಣು

"ಮಣ್ಣು ಕಲ್ಸಕೆ ಇಂಜಿನಿಯರಿಂಗ್ ಓದ್ಬೇಕಾಗಿತ್ತೇನ್ಲಾ?" ಎಂದು ಅಪ್ಪ ನಕ್ಕಿದ್ದರು. ಮಂಡ್ಯದಲ್ಲಿ ಕೊನೇ ವರ್ಷದ ಪ್ರಾಜೆಕ್ಟ್ ನಡೆಯುತ್ತಿದ್ದ ಕಾಲ. ಎಪಾಕ್ಸಿ ಅಂಟಿಗೆ ನ್ಯಾನೋ ಜೇಡಿಮಣ್ಣು ಬೆರೆಸಿ ಅದರ ಬಲ ಹೆಚ್ಚಿಸುವುದು ನಮ್ಮ ವಿಷಯ.

ಮಣ್ಣಿನ ಹೆಸರು ಮಾಂಟ್‌ಮೊರಿಲೊನೈಟ್. ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರುಕು ಬಿಡುತ್ತಲ್ವಾ, ಅದಕ್ಕೆ ಕಾರಣ ಇದೇ ಜಾತಿಯ ಜೇಡಿ. ವೀಳ್ಯದೆಲೆ ಕವಳಿಗೆಯ ಹಾಗೆ ಪದರದ ಮೇಲೆ ಪದರ. ಒಂದೊಂದು ಪದರದ ದಪ್ಪ ಸುಮಾರು 1 ನ್ಯಾನೋಮೀಟರ್. ಈ ಎಲೆಗಳ ನಡುವೆ ಎಪಾಕ್ಸಿ ನುಗ್ಗಿ ಅವನ್ನು ಬಿಡಿಸಬೇಕು. ಹಾಗೆ ಬಿಡಿಸಿಕೊಂಡರೆ, ಬಿರುಕು ಎಲೆಗಳನ್ನು ಸುತ್ತಿ ಬಳಸಿ ಸಾಗಬೇಕಾಗುತ್ತದೆ. ಬರೀ ಮಣ್ಣಿಗೆ ನೀರೇ ಇಷ್ಟ, ಎಪಾಕ್ಸಿ ಹಿಡಿಸುವುದಿಲ್ಲ. ಅದಕ್ಕೇ ಅಮೋನಿಯಂ ಲವಣದಿಂದ ಮೊದಲೇ ಹದ ಮಾಡಿದ ಪುಡಿ ತರಿಸಿದ್ದೆವು.

1 ಪರ್ಸೆಂಟ್, 3 ಪರ್ಸೆಂಟ್ ಸಲೀಸಾಗಿ ಆಯಿತು. ದುರಾಸೆ ಬಂದಿದ್ದು ಐದಕ್ಕೆ. ಜಾಸ್ತಿ ಹಾಕಿದರೆ ಜಾಸ್ತಿ ಗಟ್ಟಿ, ಅಷ್ಟೇ ನಮ್ಮ ಲೆಕ್ಕ.

ಪುಡಿಯನ್ನು ಓವನ್‌ನಲ್ಲಿ ಒಣಗಿಸಿ ಎಪಾಕ್ಸಿಗೆ ಹಾಕಿದೆವು. ಶಬ್ದದ ಅಲೆಗಳಿಂದ ಪುಡಿಯನ್ನು ಬಿಡಿಸುವ ಸೋನಿಕೇಟರ್‌ನ ಕಡ್ಡಿ ಇಳಿಸಿದರೆ ಕಿವಿ ಕೊರೆಯುವ ಕೀರಲು ಸದ್ದು. ಮಿಶ್ರಣ ಬಿಸಿಯೇರದಂತೆ ಬೀಕರ್ ಸುತ್ತ ಐಸ್. ಅದು ಕರಗಿದಂತೆಲ್ಲ ಗೆಳೆಯ ಪಕ್ಕದ ಜ್ಯೂಸ್ ಅಂಗಡಿಗೆ ಓಡುತ್ತಿದ್ದ. ಅರ್ಧದಲ್ಲಿ ಕರೆಂಟ್ ಹೋಯಿತು. ಬಂದ ಮೇಲೆ ಪೂರ್ತಿ ಹೊತ್ತು ಓಡಿಸಲಿಲ್ಲ, ಬಸ್ಸಿನ ಟೈಮ್ ಆಗಿತ್ತು. ಮಿಶ್ರಣ ಆಗಲೇ ಜೋನಿಬೆಲ್ಲದಷ್ಟು ಮಂದ. 100 ಗ್ರಾಂಗೆ 10 ಗ್ರಾಂ ಲೆಕ್ಕದಲ್ಲಿ ಅಂಟನ್ನು ಗಟ್ಟಿ ಮಾಡುವ ಹಾರ್ಡನರ್ ಸುರಿದು ಕಲಸಿದೆವು. ವ್ಯಾಕ್ಯೂಮ್‌ನಲ್ಲಿಟ್ಟರೂ ಗುಳ್ಳೆ ಪೂರ್ತಿ ಹೋಗಲಿಲ್ಲ. ಇನ್ನು ತಡ ಮಾಡಿದರೆ ಕಪ್ಪಿನಲ್ಲೇ ಬಿಸಿಯೇರಿ ಕಲ್ಲಾಗುತ್ತದೆ ಎಂದು ಬೇಗ ಬೇಗ ಅಚ್ಚಿಗೆ ಹುಯ್ದೆವು.

ಎಳೆದು ಬಲ ನೋಡುವ ಟೆನ್ಸೈಲ್ ಟೆಸ್ಟ್ ದಿನ ಮಶೀನಿನ ಎರಡು ದವಡೆಗೆ ತುಂಡು ಸಿಕ್ಕಿಸಿ ಎಳೆಸಿದೆವು. ಮಣ್ಣೇ ಇಲ್ಲದ ತುಂಡಿಗಿಂತ ಮೊದಲೇ ಇದು ಟಪ್ ಎಂದಿತು! ಇನ್ನೊಂದು ಸಿಕ್ಕಿಸಿದೆವು, ಅದೂ ಅಷ್ಟೇ. ಗೆಳೆಯ ಮಶೀನನ್ನೇ ಬೈದ. ನಾನು ಮುರಿದ ಮುಖವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಅಂಚಿನ ಹತ್ತಿರ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ. ಅದರ ಸುತ್ತ ಕನ್ನಡಿಯಂಥ ನುಣುಪು, ಅಲ್ಲಿಂದಾಚೆ ಗೆರೆಗಳು ಬೀಸಣಿಗೆಯಂತೆ ಹರಡಿದ್ದವು. ಬಿರುಕು ಹುಟ್ಟಿದ್ದೇ ಆ ಚುಕ್ಕೆಯಲ್ಲಿ. ಬಿಡಿಸಿಕೊಳ್ಳದೆ ಗಂಟಾಗಿ ಉಳಿದ ಮಣ್ಣು.

ಕರೆಂಟಿನ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಮುಂದಿನ ವಾರ ಪೂರ್ತಿ ಹೊತ್ತು ಸೋನಿಕೇಟರ್ ಓಡಿಸಿ ಮತ್ತೆ ಮಾಡಿದಾಗಲೂ 5 ಪರ್ಸೆಂಟ್ ತುಂಡು ಮೂರರದನ್ನು ಮೀರಲಿಲ್ಲ. ಅಷ್ಟೊಂದು ಎಲೆಗಳಿಗೆ ಬಿಡಿಸಿಕೊಳ್ಳಲು ಜಾಗವಾದರೂ ಎಲ್ಲಿ? ಗೈಡ್ ಮಾತ್ರ ಆ ಕೆಟ್ಟ ಫಲಿತಾಂಶವನ್ನು ರಿಪೋರ್ಟಿನಿಂದ ತೆಗೆಯಲು ಬಿಡಲಿಲ್ಲ.

ಟೆಸ್ಟ್ ಮುಗಿದ ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದರು, "ಏನಾಯ್ತ್ಲಾ ನಿನ್ ಮಣ್ಣು?"

"ಗಂಟಾಯ್ತು ಕಣಪ್ಪಾ."

ಅಪ್ಪ ತಟ್ಟೆಯ ಮುದ್ದೆ ಮುರಿಯುತ್ತಾ ಅಡುಗೆಮನೆ ಕಡೆ ತಿರುಗಿದರು. "ನೋಡಮ್ಮೀ, ನಿನ್ ಮಗನ್ಗೆ ಹಿಟ್ಟು ತಿರುವೋದು ಕಲ್ಸೇ ಇಲ್ಲ ನೀನು."