ಸೀಮ್‌ಲೆಸ್ ಪೈಪ್ ಹಾಕಿದರೆ ಸಾಕಲ್ಲವೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ಸೀಮ್‌ಲೆಸ್ ಹಾಕಿಬಿಟ್ರ ಮುಗೀತಲ್ರಿ ಸರ್, ಮತ್ತೇನು ನೋಡೂದೈತಿ?" ತಳೋಜಾದಲ್ಲಿ ಫ್ಯಾಬ್ರಿಕೇಶನ್ ಮಾಡುವ ವಿಜಯಪುರ ಕಡೆಯ ಗೆಳೆಯರು ಕೇಳುವುದು ಹೀಗೆ. ಡೊಂಬಿವಲಿಯಲ್ಲಿ ತಿಂಡಿ ತಯಾರಿಸುವ ಯೂನಿಟ್ ಹಾಕಲು ಹೊರಟ ಉಡುಪಿಯವರು, "ಸೀಮ್‌ಲೆಸ್ ಆದ್ರೆ ತಲೆಬಿಸಿ ಇಲ್ಲ ಅಲ್ವಾ ಮಾರಾಯ್ರೇ?" ಎನ್ನುತ್ತಾರೆ. ನವಿ ಮುಂಬೈ ಕಾರ್ಖಾನೆಗಳ ಪೈಪಿಂಗ್ ಕೆಲಸದಲ್ಲಿರುವ ನನಗೆ ಇಷ್ಟು ಸಲ ಬರುವ ಪ್ರಶ್ನೆ ಇನ್ನೊಂದಿಲ್ಲ. ಫೋನಿನಲ್ಲಿ ಎರಡು ಮಾತಿಗೆ ಮುಗಿಯುವ ಸಂಗತಿ ಇದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಉತ್ತರ: ಸಾಲದು. ಬಹಳ ಕಡೆ ಬೇಕಾಗಿಯೂ ಇಲ್ಲ.

ಸೀಮ್‌ಲೆಸ್ ಎಂದರೆ ಪೈಪ್ ಹೇಗೆ ತಯಾರಾಯಿತು ಎಂಬುದಷ್ಟೇ ಗೊತ್ತಾಗುತ್ತದೆ. ಕಾದ ಉಕ್ಕಿನ ಗಟ್ಟಿ ದಿಮ್ಮಿಯ ನಡುವೆ ತೂತು ಕೊರೆದು ಉದ್ದಕ್ಕೆ ಎಳೆದರೆ ಸೀಮ್‌ಲೆಸ್. ಉಕ್ಕಿನ ಪಟ್ಟಿಯನ್ನು ಸುತ್ತಿ ಅಂಚುಗಳನ್ನು ವಿದ್ಯುತ್ತಿನಿಂದ ಬೆಸೆದರೆ ಇಆರ್‌ಡಬ್ಲ್ಯೂ. ಉಕ್ಕಿನಲ್ಲಿ ಇಂಗಾಲ ಎಷ್ಟಿದೆ, ಯಾವ ಉಷ್ಣತೆಗೆ ತಾಳುತ್ತದೆ, ಗೋಡೆ ಎಷ್ಟು ದಪ್ಪ ಎಂಬುದೊಂದನ್ನೂ ಆ ಪದ ಹೇಳುವುದಿಲ್ಲ. ಆದ್ದರಿಂದ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಇಷ್ಟು: ಒಳಗೆ ಹರಿಯುವುದೇನು? ಎಷ್ಟು ಬಿಸಿ? ಎಷ್ಟು ಒತ್ತಡ? ಅದು ಪೈಪನ್ನು ತಿನ್ನುತ್ತದೆಯೇ?

ಒಂದು ಲೆಕ್ಕ ಮಾಡೋಣ. 4 ಇಂಚಿನ ಲೈನ್, 20 ಬಾರ್ ಒತ್ತಡ, 150 ಡಿಗ್ರಿ ಸೆಲ್ಸಿಯಸ್. ಕಾರ್ಖಾನೆ ಪೈಪಿಂಗಿಗೆ ನಾವು ಬಳಸುವ ಎಎಸ್‌ಎಂಇ ಬಿ31.3 ಕೋಡ್ ಪ್ರಕಾರ ಎ106 ಗ್ರೇಡ್ ಬಿ (ಅಮೆರಿಕದ ಎಎಸ್‌ಟಿಎಂ ಸ್ಟ್ಯಾಂಡರ್ಡಿನ ಸೀಮ್‌ಲೆಸ್) ಪೈಪಿಗೆ ಒತ್ತಡ ತಡೆಯಲು ಬೇಕಾದ ದಪ್ಪ ಬರೀ 0.82 ಮಿ.ಮೀ. ಇಆರ್‌ಡಬ್ಲ್ಯೂ ಆದರೆ ಬೆಸುಗೆಗಾಗಿ ಪೈಪಿನ ಬಲವನ್ನು 0.85ರಿಂದ ಗುಣಿಸಿ ಕಡಿಮೆ ಹಿಡಿಯಲು ಕೋಡ್ ಹೇಳುತ್ತದೆ, ಆಗ 0.97 ಮಿ.ಮೀ. ಬೇಕು. ಜನ ಇಷ್ಟು ಹೆದರುವ ಬೆಸುಗೆಯ ಬೆಲೆ ಇಲ್ಲಿ 0.15 ಮಿ.ಮೀ.! ಸವೆತಕ್ಕೆಂದು 3 ಮಿ.ಮೀ. ಸೇರಿಸಿ, ಮಿಲ್ಲಿನಿಂದ ಗೋಡೆ 12.5% ತೆಳ್ಳಗೆ ಬರಬಹುದೆಂಬ ವಿನಾಯಿತಿಯನ್ನೂ ಲೆಕ್ಕಕ್ಕೆ ಹಿಡಿದರೆ ಸೀಮ್‌ಲೆಸ್‌ಗೆ ಸುಮಾರು 4.4, ಇಆರ್‌ಡಬ್ಲ್ಯೂಗೆ ಸುಮಾರು 4.5 ಮಿ.ಮೀ. ಶೆಡ್ಯೂಲ್ ಎಂದರೆ ಗೋಡೆ ದಪ್ಪದ ದರ್ಜೆ; ಶೆಡ್ಯೂಲ್ 40ರ ಗೋಡೆಯೇ 6.02 ಮಿ.ಮೀ. ಇದೆ. ಎರಡೂ ಪಾಸು.

ಇದೇ ಲೈನಿಗೆ "ಸೇಫ್ಟಿಗಿರಲಿ" ಎಂದು ಶೆಡ್ಯೂಲ್ 80 ಬರೆಯುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಶೆಡ್ಯೂಲ್ 40 ಮೀಟರಿಗೆ 16.07 ಕೆ.ಜಿ., ಶೆಡ್ಯೂಲ್ 80 ಮೀಟರಿಗೆ 22.32 ಕೆ.ಜಿ. ಸುಮಾರು 39% ಹೆಚ್ಚು ಉಕ್ಕು, ಅದಕ್ಕೆ ತಕ್ಕಂತೆ ಹೆಚ್ಚು ವೆಲ್ಡಿಂಗ್, ಹೆಚ್ಚು ಭಾರ ಹೊರುವ ಸಪೋರ್ಟ್. ಥ್ರೆಡ್ ಹಾಕುವ ಸಣ್ಣ ಲೈನುಗಳಿಗೆ ಶೆಡ್ಯೂಲ್ 80 ಬೇಕು, ಏಕೆಂದರೆ ಥ್ರೆಡ್ಡೇ ಗೋಡೆಯನ್ನು ತಿಂದುಹಾಕುತ್ತದೆ. ಉಳಿದ ಕಡೆ ಲೆಕ್ಕ ಹಾಕಿ ಬರೆಯಿರಿ.

ಹಾಗಾದರೆ ಸೀಮ್‌ಲೆಸ್ ಎಲ್ಲಿ ಬೇಕೇ ಬೇಕು? ಉಷ್ಣತೆ ಹೆಚ್ಚಿರುವಲ್ಲಿ, ಹೈಡ್ರೋಜನ್ ಇರುವಲ್ಲಿ, ಬಿಸಿ-ತಂಪು ಮೇಲಿಂದ ಮೇಲೆ ಆಗುವಲ್ಲಿ, ಬೆಸುಗೆಯ ಗೆರೆಯನ್ನೇ ಹಿಡಿದು ಕೊರೆಯುವ ದ್ರವ ಹರಿಯುವಲ್ಲಿ. ಅಲ್ಲಿ ದುಡ್ಡು ನೋಡಬೇಡಿ. ಕೂಲಿಂಗ್ ವಾಟರ್, ಏರ್ ಲೈನ್, ಫೈರ್ ಲೈನ್‌ಗಳಿಗೆ ಒಳ್ಳೆಯ ಇಆರ್‌ಡಬ್ಲ್ಯೂ ಧಾರಾಳವಾಗಿ ಸಾಕು. ಪಟ್ಟಿಯಿಂದ ಮಾಡಿದ್ದರಿಂದ ಅದರ ಗೋಡೆ ಸುತ್ತಲೂ ಒಂದೇ ಸಮ ಇರುತ್ತದೆ. ಸೀಮ್‌ಲೆಸ್‌ನಲ್ಲಿ ತೂತು ನಡುವಿನಿಂದ ಸ್ವಲ್ಪ ಸರಿದು ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಗಿರುವುದು ಸಾಮಾನ್ಯ.

ಇಲ್ಲಿ ನಮ್ಮವರು ಬಹಳ ಎಡವುವ ಒಂದು ಜಾಗವಿದೆ. ಅಂಗಡಿಯಲ್ಲಿ "ಸಿ ಕ್ಲಾಸ್" ಎಂದು ಕೊಡುವುದು ನಮ್ಮ ಭಾರತೀಯ ಸ್ಟ್ಯಾಂಡರ್ಡ್ ಐಎಸ್ 1239ರ ಹೆವಿ ಪೈಪ್. ಬಿ ಕ್ಲಾಸ್ ಎಂದರೆ ಮೀಡಿಯಂ. ಹೆವಿಗೆ ಕೆಂಪು ಪಟ್ಟಿ, ಮೀಡಿಯಂಗೆ ನೀಲಿ, ಲೈಟಿಗೆ ಹಳದಿ. ಸಿ ಕ್ಲಾಸ್ ಅಂದರೆ ಶೆಡ್ಯೂಲ್ 40 ಎಂದು ಎಷ್ಟೋ ಜನ ನಂಬಿದ್ದಾರೆ. 100 ಎನ್‌ಬಿ (ಅಂದರೆ 4 ಇಂಚು) ಸಿ ಕ್ಲಾಸಿನ ಗೋಡೆ 5.4 ಮಿ.ಮೀ., ಶೆಡ್ಯೂಲ್ 40ರದು 6.02. ಅದಕ್ಕಿಂತ ದೊಡ್ಡ ತೊಂದರೆ ಹೊರವ್ಯಾಸದ್ದು. 4 ಇಂಚಿನಲ್ಲಿ ಎರಡೂ ಹೊಂದುತ್ತವೆ. ಆದರೆ ಐಎಸ್ 1239ರ 150 ಎನ್‌ಬಿ ಪೈಪ್ 165.1 ಮಿ.ಮೀ., ಅಮೆರಿಕದ ಪೈಪ್ ಅಳತೆಯ ಸ್ಟ್ಯಾಂಡರ್ಡ್ ಬಿ36.10 ಪ್ರಕಾರದ 6 ಇಂಚು 168.3 ಮಿ.ಮೀ. ಎರಡೂವರೆ ಇಂಚಿನಲ್ಲಿ ಅದು ಉಲ್ಟಾ: ನಮ್ಮದು 76.1, ಅವರದು 73. ಪೈಪ್ ಒಂದು ಸ್ಟ್ಯಾಂಡರ್ಡಿನದು, ಎಲ್ಬೋ ಇನ್ನೊಂದರದು ತಂದರೆ ವೆಲ್ಡರ್ ಸುತ್ತಿಗೆ ಹಿಡಿದು ಹೊಂದಿಸಲು ಹೊರಡುತ್ತಾನೆ. ಆ ಜಾಯಿಂಟಿನಲ್ಲಿ ವೆಲ್ಡಿಂಗ್ ಚೆನ್ನಾಗಿ ಬರುವ ಮಾತೇ ಇಲ್ಲ. ಸಿ ಕ್ಲಾಸ್ ಕೆಟ್ಟ ಪೈಪ್ ಅಲ್ಲ. ಎರಡನ್ನೂ ಒಂದೇ ಲೈನಿನಲ್ಲಿ ಬೆರೆಸಬೇಡಿ ಅಷ್ಟೆ.

ಎ106 ಮತ್ತು ಎ53ಕ್ಕೆ ಏನು ವ್ಯತ್ಯಾಸ ಎಂಬುದು ಇದರ ಬೆನ್ನಿಗೇ ಬರುವ ಪ್ರಶ್ನೆ. ಗ್ರೇಡ್ ಬಿ ಆದರೆ ಎರಡರ ಬಲವೂ ಒಂದೇ, ಕನಿಷ್ಠ ಟೆನ್ಸೈಲ್ (ಎಳೆದಾಗ ತುಂಡಾಗದೆ ತಾಳುವ ಬಲ) 415 ಎಂಪಿಎ. ಎ106 ಸೀಮ್‌ಲೆಸ್ ಮಾತ್ರ, ಬಿಸಿ ಲೈನಿಗೆಂದೇ ಇರುವುದು. ಅದರಲ್ಲಿ ಸಿಲಿಕಾನ್ ಕನಿಷ್ಠ 0.10% ಇರಲೇಬೇಕು. ಎ53ರಲ್ಲಿ ಆ ಕಟ್ಟಳೆ ಇಲ್ಲ, ಇಆರ್‌ಡಬ್ಲ್ಯೂ ಕೂಡ ಅದರಲ್ಲಿ ಬರುತ್ತದೆ. ಎಪಿಐ 5ಎಲ್ ಮುಖ್ಯವಾಗಿ ಊರಿಂದೂರಿಗೆ ಹೋಗುವ ಎಣ್ಣೆ, ಗ್ಯಾಸ್ ಪೈಪ್‌ಲೈನ್‌ಗಳದು. ಸ್ಟಾಕಿನಲ್ಲಿರುವ ಎಷ್ಟೋ ಸೀಮ್‌ಲೆಸ್ ಪೈಪಿನ ಮೇಲೆ ಈ ಮೂರೂ ಹೆಸರು ಒಟ್ಟಿಗೇ ಇರುತ್ತವೆ. ಮೂರರ ಷರತ್ತನ್ನೂ ಪೂರೈಸಿದ್ದರೆ ಅದರಲ್ಲಿ ತಪ್ಪೇನಿಲ್ಲ.

ಸ್ಟೀಮ್ ಇದ್ದರೆ ಮಾತು ಬೇರೆ. ಒತ್ತಡ ಚದರ ಸೆಂ.ಮೀ.ಗೆ 3.5 ಕೆ.ಜಿ. ದಾಟಿದರೆ, ಇಲ್ಲವೇ ಒಳವ್ಯಾಸ 254 ಮಿ.ಮೀ. ದಾಟಿದ ಪೈಪಿನಲ್ಲಿ ಒತ್ತಡ 1 ಕೆ.ಜಿ. ದಾಟಿದರೆ 1950ರ ಇಂಡಿಯನ್ ಬಾಯ್ಲರ್ ರೆಗ್ಯುಲೇಶನ್ಸ್, ಅಂದರೆ ಐಬಿಆರ್, ಅನ್ವಯಿಸುತ್ತದೆ. ಪೈಪಿನ ಜೊತೆಗೇ ಐಬಿಆರ್ ಸರ್ಟಿಫಿಕೇಟ್ ಬರಬೇಕು. "ಮಾಲ್ ಒಯ್ಯಿರಿ, ಕಾಗದ ಆಮೇಲೆ ತರಿಸಿಕೊಡ್ತೀವಿ" ಎಂದರೆ ದಯವಿಟ್ಟು ಒಪ್ಪಬೇಡಿ. ತಿಂಡಿ ಯೂನಿಟ್, ಲಾಂಡ್ರಿ ಹಾಕುವ ನಮ್ಮ ಹೋಟೆಲಿನವರಿಗೆ ಈ ಮಾತನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಬಾಯ್ಲರಿನ ಕಾಗದ ಸರಿಯಾಗಿದ್ದು ಪೈಪಿನ ಕಾಗದವಿಲ್ಲದೆ ಕೆಲಸ ನಿಲ್ಲುವುದು ಇಂಥ ಯೂನಿಟ್‌ಗಳಲ್ಲೇ. ಅತ್ತ ಮೀನು ಕೋಲ್ಡ್ ಸ್ಟೋರೇಜಿನ ಅಮೋನಿಯಾ ಲೈನ್ ಶೂನ್ಯಕ್ಕಿಂತ 29 ಡಿಗ್ರಿ ಕೆಳಗೆ ಇಳಿಯುವುದಾದರೆ ಎ333 ಗ್ರೇಡ್ 6 ನೋಡಿ. ಅದಕ್ಕೆ ಮೈನಸ್ 45 ಡಿಗ್ರಿಯಲ್ಲಿ ಹೊಡೆತ ತಾಳುವ ಪರೀಕ್ಷೆ ಆಗಿರುತ್ತದೆ.

ಇಷ್ಟು ತೀರ್ಮಾನವಾದ ಮೇಲೆ ಪರ್ಚೇಸ್ ಆರ್ಡರ್. "4 ಇಂಚ್ ಸೀಮ್‌ಲೆಸ್, ಶೆಡ್ಯೂಲ್ 40" ಎಂದು ಬರೆದರೆ ಏನು ಬಂದರೂ ತಕರಾರು ಮಾಡಲಾಗದು. ಹೀಗೆ ಬರೆಯಿರಿ: ಎಎಸ್‌ಟಿಎಂ ಎ106 ಗ್ರೇಡ್ ಬಿ, ಸೀಮ್‌ಲೆಸ್, 4 ಇಂಚು, ಶೆಡ್ಯೂಲ್ 40, ಅಳತೆ ಬಿ36.10 ಪ್ರಕಾರ, ಬೆವೆಲ್ ಎಂಡ್ (ವೆಲ್ಡಿಂಗಿಗೆಂದು ಓರೆಯಾಗಿ ಕೊಯ್ದ ತುದಿ), ಉದ್ದ ಇಷ್ಟು, ಒಪ್ಪಿಗೆಯಾದ ಮೇಕ್‌ಗಳು ಇವು, ಇಎನ್ 10204ರ 3.1 ಸರ್ಟಿಫಿಕೇಟ್ (ಮಿಲ್ಲಿನ ಪರೀಕ್ಷಾ ಪತ್ರ) ಸಹಿತ, ಎರಡೂ ತುದಿಗೆ ಕ್ಯಾಪ್. ಮುಂಬೈ ಮಳೆಗಾಲದಲ್ಲಿ ಕ್ಯಾಪ್ ಇಲ್ಲದ ಪೈಪ್ ಅಂಗಳದಲ್ಲಿ ಬಿದ್ದರೆ ಒಳಗಿನ ತುಕ್ಕನ್ನು ತೆಗೆಯುವ ಖರ್ಚು ನಿಮ್ಮದೇ.

ನೂರಾರು ಟನ್ ಬೇಕಿದ್ದರೆ ಮಿಲ್ಲಿಗೇ ಹೋಗಬಹುದು. ನಮ್ಮ ಸುತ್ತಲೇ ನಾಗೋಠಾಣೆ ಹತ್ತಿರ ಮಹಾರಾಷ್ಟ್ರ ಸೀಮ್‌ಲೆಸ್, ನಾಸಿಕದಲ್ಲಿ ಜಿಂದಾಲ್ ಸಾ, ಬಾರಾಮತಿ ಕಡೆ ಐಎಸ್‌ಎಂಟಿ (ಈಗ ಕಿರ್ಲೋಸ್ಕರ್ ಫೆರಸ್‌ನಲ್ಲಿ ವಿಲೀನ) ಇವೆ. ಹತ್ತಿಪ್ಪತ್ತು ಟನ್ನಿನವರಿಗೆ ಕಳಂಬೋಲಿಯ ಉಕ್ಕಿನ ಮಾರುಕಟ್ಟೆ, ಖೇತವಾಡಿಯ ಸ್ಟಾಕಿಸ್ಟ್‌ಗಳೇ ಗತಿ. ಅಲ್ಲಿ ದರ ಕೆ.ಜಿ. ಲೆಕ್ಕದಲ್ಲಿ ಹೇಳುತ್ತಾರೆ, ನೀವು ಮೀಟರ್ ಲೆಕ್ಕದಲ್ಲೂ ಕೇಳಿ. ಎ106 ಪೈಪ್ ತೂಕದಲ್ಲಿ 3.5% ಕಡಿಮೆಯೂ 10% ಹೆಚ್ಚೂ ಬರಬಹುದು. 500 ಮೀಟರ್ 4 ಇಂಚಿನ ಪೈಪಿಗೆ ಲೆಕ್ಕದ ತೂಕ 8,035 ಕೆ.ಜಿ. ಪೈಪ್ ದಪ್ಪಕ್ಕೆ ಬಂದು, ಕಾಂಟಾ (ಲಾರಿ ತೂಗುವ ತಕ್ಕಡಿ) ತೂಕದ ಮೇಲೆ ಬಿಲ್ ಆದರೆ ಅದೇ 500 ಮೀಟರಿಗೆ ನೂರಾರು ಕೆ.ಜಿ. ಹೆಚ್ಚಿಗೆ ದುಡ್ಡು ಕೊಡುತ್ತೀರಿ. ಕಾಂಟಾ ತೂಕವೋ ಲೆಕ್ಕದ ತೂಕವೋ ಎಂಬುದು ಕೊಟೇಶನ್‌ನಲ್ಲೇ ಬರಲಿ. 18% ಜಿಎಸ್‌ಟಿ, ಲೋಡಿಂಗ್, ಲಾರಿ ಬಾಡಿಗೆ ಸೇರಿದೆಯೋ ಇಲ್ಲವೋ, ಅದೂ.

ಮಾಲು ಬಂದಾಗ ಸರ್ಟಿಫಿಕೇಟ್ ಹಿಡಿದು ಪೈಪಿನ ಬಳಿಗೆ ಹೋಗಿ. ಸರ್ಟಿಫಿಕೇಟಿನ ಹೀಟ್ ನಂಬರ್, ಅಂದರೆ ಆ ಉಕ್ಕು ಯಾವ ಕುಲುಮೆ ಪಾಕದ್ದು ಎಂಬ ಗುರುತು, ಪೈಪಿನ ಮೇಲೂ ಇರಬೇಕು. ಇಲ್ಲದಿದ್ದರೆ ನಿಮ್ಮ ಕೈಯಲ್ಲಿರುವುದು ಬೇರೆ ಯಾವುದೋ ಪೈಪಿನ ಕಾಗದ. ಹಳೆಯ ಪೈಪ್ ಉಜ್ಜಿ, ಕಪ್ಪು ಬಣ್ಣ ಬಳಿದು ಹೊಸತೆಂದು ಕೊಡುವುದೂ ಉಂಟು. ಟಾರ್ಚ್ ಹಾಕಿ ಒಳಗೆ ನೋಡಿದರೆ ತುಕ್ಕು ತಿಂದ ಗುಳಿಗಳು ಕಾಣುತ್ತವೆ. ಸೀಮ್‌ಲೆಸ್ ಎಂದು ಇಆರ್‌ಡಬ್ಲ್ಯೂ ಕೊಟ್ಟಿದ್ದಾರೆಂಬ ಅನುಮಾನವಿದ್ದರೆ ಒಂದು ತುಂಡು ಕೊಯ್ದು, ಕೊಯ್ದ ಮುಖವನ್ನು ನುಣುಪಾಗಿ ಉಜ್ಜಿ ಆಸಿಡ್ ಹಚ್ಚಿಸಿ, ಬೆಸುಗೆ ಗೆರೆ ಎದ್ದು ಕಾಣುತ್ತದೆ. ಲೋಹದಲ್ಲಿ ಯಾವ ಧಾತು ಎಷ್ಟಿದೆ ಎಂದು ಎಕ್ಸ್-ರೇಯಿಂದ ಓದುವ, ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಗನ್ ತಂದು "ಚೆಕ್ ಆಯ್ತು" ಎನ್ನುವವರನ್ನು ನಂಬಿ ಸುಮ್ಮನಾಗಬೇಡಿ. ಅದು ಇಂಗಾಲವನ್ನು ಓದುವುದೇ ಇಲ್ಲ, ಕಾರ್ಬನ್ ಸ್ಟೀಲಿನಲ್ಲಿ ಮುಖ್ಯವಾಗಿ ಗೊತ್ತಾಗಬೇಕಾದದ್ದು ಅದೇ. ಒಂದೊಂದು ಹೀಟಿನಿಂದ ಒಂದು ತುಂಡನ್ನು ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿಗೆ ಕಳಿಸಿ ಸ್ಪೆಕ್ಟ್ರೋ (ಉಕ್ಕಿನಲ್ಲಿ ಏನೇನು ಎಷ್ಟಿದೆ ಎಂಬ ಪರೀಕ್ಷೆ), ಟೆನ್ಸೈಲ್ ಎರಡೂ ಮಾಡಿಸಿ. ಪೈಪಿನ ಒಟ್ಟು ಬೆಲೆಯ ಮುಂದೆ ಆ ಖರ್ಚು ಏನೇನೂ ಅಲ್ಲ.

ಕೊನೆಗೆ ಸೈಟಿನ ಮಾತು. 12 ಮೀಟರ್ ಪೈಪನ್ನು ಕೊಯ್ದಾಗ ಹೀಟ್ ನಂಬರ್ ಒಂದು ತುಂಡಿನ ಮೇಲೆ ಮಾತ್ರ ಉಳಿಯುತ್ತದೆ, ಇನ್ನೊಂದು ಹೆಸರಿಲ್ಲದ ಪೈಪ್ ಆಗುತ್ತದೆ. ಆಮೇಲೆ ಇನ್‌ಸ್ಪೆಕ್ಟರ್ ಕೇಳಿದರೆ ಅದನ್ನು ತೆಗೆದು ಹಾಕುವುದು ಬಿಟ್ಟು ಬೇರೆ ದಾರಿ ಉಳಿಯುವುದಿಲ್ಲ. ಫಿಟರ್ ಕಟರ್ ಹಿಡಿಯುವ ಮೊದಲೇ ಕೊಯ್ಯುವ ಗೆರೆಯ ಎರಡೂ ಕಡೆ ನಂಬರ್ ಬರೆಸಿ, ಕಟಿಂಗ್ ರಿಜಿಸ್ಟರಿನಲ್ಲಿ ಅದೇ ದಿನ ಏರಿಸಿ.