ಹಳೇ ಕಾರಿನ ರಿಪೇರಿ ನೀವೇ ಯಾಕೆ ಮಾಡ್ಕೊಳ್ತೀರಿ?

ತೀರ್ಥಹಳ್ಳಿ ಪೇಟೆಯಲ್ಲಿ ಕಾರು ನಿಲ್ಲಿಸಿ ಇಳಿದರೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. "ಇದನ್ನ ಇನ್ನೂ ಇಟ್ಕೊಂಡಿದೀರಾ? ರಿಪೇರಿನೂ ನೀವೇ ಮಾಡ್ಕೊಳ್ತೀರಂತೆ? ಯಾಕೆ ಮಾರಾಯ್ರೆ, ಗ್ಯಾರೇಜಿಗೆ ಬಿಟ್ರೆ ಆಗಲ್ವಾ?"

ನಮ್ಮದು 2004ರ ಮಾರುತಿ 800. ಅಪ್ಪ ಅಡಿಕೆ ದುಡ್ಡಿನಲ್ಲಿ ತೆಗೆದುಕೊಂಡ ಕಾರು. ಈಗಲೂ ಅಪ್ಪ ಅಮ್ಮ ಆಸ್ಪತ್ರೆಗೆ ಹೋಗೋದು, ನೆಂಟರ ಮನೆಗೆ ಹೋಗೋದು ಇದರಲ್ಲೇ. ಮಗಳನ್ನು ಬಸ್ಸಿಗೆ ಬಿಡೋದೂ ಇದರಲ್ಲೇ.

ದುಡ್ಡು ಉಳಿಸೋಕೆ ಮಾಡ್ತೀನಿ ಅಂದುಕೊಂಡವರೇ ಜಾಸ್ತಿ. ಸ್ವಲ್ಪ ಉಳಿಯುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಕಾರಣ ಅದಲ್ಲ. ನಮ್ಮ ಕಡೆ ಕಾರು ಓಡಿ ಸವೆಯುವ ಮೊದಲೇ ನೀರು ಕುಡಿದು ಹಾಳಾಗುತ್ತದೆ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ನಾಲ್ಕು ತಿಂಗಳು ಬಟ್ಟೆ ಒಣಗುವುದಿಲ್ಲ. ಗ್ಯಾರೇಜಿನವರು ಸರ್ವಿಸ್ ಮಾಡುವುದು ಕಿಲೋಮೀಟರ್ ಲೆಕ್ಕದಲ್ಲಿ. ನೀರಿಗೆ ಆ ಲೆಕ್ಕ ಇಲ್ಲ. ನಿಂತ ಕಾರಿನ ಒಳಗೂ ಬರುತ್ತದೆ. ಅದು ಎಲ್ಲಿ ಬಂತು, ಎಲ್ಲಿ ನಿಂತಿತು ಅನ್ನುವುದು ದಿನಾ ಕಾರು ನೋಡುವವರಿಗೆ ಮಾತ್ರ ಗೊತ್ತಾಗುತ್ತದೆ. ನಾನು ಮನೆಯಲ್ಲಿ ಮಾಡುವ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ, ನೀರು ಹುಡುಕುವುದು.

ಇದನ್ನು ಕಲಿತದ್ದು ಒಂದು ಆರಿದ್ರಾ ಮಳೆಯಲ್ಲಿ. ಕಾರಿನ ಬಾಗಿಲು ತೆಗೆದರೆ ಹಸಿ ಗೋಣಿಚೀಲದ ವಾಸನೆ. ಒದ್ದೆ ಕೊಡೆ ಇಟ್ಟಿದ್ದಕ್ಕೆ ಅಂತ ಮನೆಯವರೆಲ್ಲ ಸುಮ್ಮನಾದೆವು. ವಾರ ಕಳೆದರೂ ಹೋಗಲಿಲ್ಲ. ಒಂದು ಭಾನುವಾರ ಎಡಗಡೆ ಮುಂದಿನ ಸೀಟಿನ ಕೆಳಗಿನ ಕಾರ್ಪೆಟ್ ಎಬ್ಬಿಸಿದೆ. ಮೇಲೆ ಒಣಗಿದ ಹಾಗೆ ಕಾಣುತ್ತಿತ್ತು. ಕೆಳಗಿದ್ದ ದಪ್ಪ ಫೆಲ್ಟ್ ಹಿಂಡಿದರೆ ಒಂದು ಚೊಂಬು ನೀರು ಬಂತು. ಅದರಡಿ ತಗಡು ಕಂದು ಬಣ್ಣಕ್ಕೆ ತಿರುಗಿ ಪದರ ಪದರ ಎದ್ದಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಒತ್ತಿದೆ. ಹಪ್ಪಳ ಮುರಿದ ಹಾಗೆ ಶಬ್ದ ಆಯಿತು. ತುದಿ ಕೆಳಗಿಳಿಯಿತು. ಹೊರಗೆಳೆದು ಬಗ್ಗಿ ನೋಡಿದರೆ ಶೆಡ್ಡಿನ ನೆಲ ಕಾಣಿಸಿತು. ಆ ಜಾಗದ ಮೇಲೆ ಅಮ್ಮ ಕಾಲಿಟ್ಟು ಕೂರುತ್ತಿದ್ದರು.

ನೀರು ಬಂದದ್ದು ಎಲ್ಲಿಂದ ಗೊತ್ತಾ? ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಕೂರುವ ಕಡೆ, ಒಂದು ಕಪ್ಪು ಜಾಲರಿ ಇರುತ್ತದೆ. ಗಾಜಿನ ಮೇಲಿನ ನೀರೆಲ್ಲ ಅದರೊಳಗೆ ಇಳಿದು ಎರಡೂ ಬದಿಯ ತೂತಿನಿಂದ ಹೊರಗೆ ಹೋಗಬೇಕು. ನಮ್ಮ ಕಾರು ನಿಲ್ಲುವುದು ಹಲಸಿನ ಮರದ ಪಕ್ಕ. ಎಲೆ, ಕಡ್ಡಿ, ಹೂವಿನ ಪುಡಿ ಎಲ್ಲ ಒಳಗೆ ಸೇರಿ ಒಳ್ಳೇ ಗೊಬ್ಬರ ಆಗಿತ್ತು. ತೂತು ಕಟ್ಟಿ ನೀರು ಮೇಲೇರಿ, ಒಳಗೆ ಗಾಳಿ ಎಳೆಯುವ ಬಾಯಿಂದ ನೇರ ಎಡಗಡೆಯ ಕಾಲಿನ ಜಾಗಕ್ಕೆ ಇಳಿದಿದೆ. ಎರಡು ತಿಂಗಳ ಹಿಂದಷ್ಟೇ ಸರ್ವಿಸ್ ಆಗಿತ್ತು. ಗ್ಯಾರೇಜಿನವರನ್ನು ದೂರುವ ಹಾಗಿಲ್ಲ. ಏಪ್ರಿಲ್‌ನಲ್ಲಿ ಅವರಿಗೆ ನೀರು ಹೇಗೆ ಕಾಣಬೇಕು?

ತಗಡಿನ ಕೆಲಸ ಮನೆಯಲ್ಲಿ ಆಗುವುದಲ್ಲ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ಗೆ ಹೋಗಿ ಟಿಂಕರಿಂಗ್ ಮಾಡಿಸಿದೆ. ತುಕ್ಕು ಹಿಡಿದಷ್ಟೂ ಕತ್ತರಿಸಿ ತೆಗೆದು ಹೊಸ ತಗಡು ವೆಲ್ಡ್ ಮಾಡಿದರು. ಇಂಥ ಕೆಲಸ ಮಾಡಿಸುವವರು ಒಂದು ವಿಷಯ ನೆನಪಿಡಿ. ವೆಲ್ಡಿಂಗ್ ಬಿಸಿಗೆ ಸುತ್ತಲಿನ ಬಣ್ಣ ಕೆಳಗಡೆಯೂ ಸುಟ್ಟಿರುತ್ತದೆ. ಮೇಲೆ ಮಾತ್ರ ಬಣ್ಣ ಹೊಡೆದು ಬಿಟ್ಟರೆ ಹೊಸ ತಗಡೇ ಮೊದಲು ತುಕ್ಕು ಹಿಡಿಯುತ್ತದೆ. ನಾನು ಮನೆಗೆ ಬಂದು ಎರಡೂ ಕಡೆ ವೈರ್ ಬ್ರಷ್ ಹಾಕಿ ಉಜ್ಜಿ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಹೊಡೆದು, ಒಣಗಿದ ಮೇಲೆ ಎರಡು ಸಲ ಬಣ್ಣ ಕೊಟ್ಟೆ. ಅದು ಇವತ್ತಿಗೂ ಗಟ್ಟಿಯಾಗಿದೆ.

ಅವತ್ತಿನಿಂದ ಮಳೆಗಾಲದಲ್ಲಿ ವಾರಕ್ಕೊಮ್ಮೆ ಜಾಲರಿ ಚೊಕ್ಕ ಮಾಡುತ್ತೇನೆ. ಬಾಗಿಲುಗಳ ತಳದ ಅಂಚಿನಲ್ಲೂ ಸಣ್ಣ ತೂತುಗಳಿರುತ್ತವೆ. ಗಾಜಿನ ಸಂದಿಯಿಂದ ಇಳಿದ ನೀರು ಅಲ್ಲಿಂದಲೇ ಹೋಗಬೇಕು. ತಿರುವಿನಲ್ಲಿ ಬಾಗಿಲೊಳಗೆ ನೀರು ಕುಲುಕಿದ ಶಬ್ದ ಕೇಳಿದರೆ ತೂತು ಮುಚ್ಚಿದೆ ಅಂತ ಅರ್ಥ. ತೆಂಗಿನ ಗರಿಯ ಕಡ್ಡಿ ಸಾಕು, ಬೇರೆ ಯಾವ ಸಾಮಾನೂ ಬೇಡ.

ಡಿಕ್ಕಿಯ ವಿಷಯ ಅಡಿಕೆ ತೋಟ ಇರುವವರಿಗೆ ಬೇರೆಯಾಗಿಯೇ ಹೇಳಬೇಕು. ಅಡಿಕೆಯ ಕೊಳೆರೋಗದ ಔಷಧಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ತರುವುದು, ಗೊಬ್ಬರದ ಜೊತೆ ಪೊಟ್ಯಾಷ್ ತರುವುದು ಎಲ್ಲ ನಾವು ಕಾರಿನಲ್ಲೇ ಅಲ್ವಾ? ಮೈಲುತುತ್ತಕ್ಕೆ ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಮಾಡಿದಾಗ ಹದ ನೋಡಲು ಕತ್ತಿ ಅದ್ದುತ್ತೇವೆ. ಸುಣ್ಣ ಕಡಿಮೆ ಆಗಿದ್ದರೆ ಕತ್ತಿಯ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ತಾಮ್ರ ಕೂತಷ್ಟೂ ಕಬ್ಬಿಣ ಕರಗಿ ಹೋಗಿರುತ್ತದೆ. ಚೀಲದಿಂದ ಉದುರಿದ ನಾಲ್ಕು ಹರಳು ಡಿಕ್ಕಿಯ ಒದ್ದೆ ತಗಡಿನ ಮೇಲೆ ಮಾಡುವುದೂ ಇದನ್ನೇ. ಪೊಟ್ಯಾಷ್ ಒಂದು ಜಾತಿ ಉಪ್ಪೇ ಆದ್ದರಿಂದ ಅದೂ ಕಡಿಮೆ ಅಲ್ಲ. ನಮ್ಮ ಕಾರಿನ ಸ್ಟೆಪ್ನಿ ಕೂರುವ ಗುಂಡಿಯಲ್ಲಿ ಹಸಿರು ಹಸಿರಾಗಿ ಒಂದು ಕಲೆ ಇತ್ತು. ಕೆರೆದು ನೋಡಿದಾಗ ತಗಡು ಕಾಗದದಷ್ಟು ತೆಳ್ಳಗಾಗಿತ್ತು. ಈಗ ದಪ್ಪ ಪ್ಲಾಸ್ಟಿಕ್ ಟಬ್ಬಿನಲ್ಲಿ ಇಟ್ಟೇ ತರುತ್ತೇನೆ. ಮನೆಗೆ ಬಂದ ಕೂಡಲೇ ಡಿಕ್ಕಿ ಒರೆಸುತ್ತೇನೆ.

ಇನ್ನು ಬ್ರೇಕ್. ನನಗೆ ತುಂಬಾ ಮುಖ್ಯ ಅನಿಸುವುದು ಇದೇ, ಮತ್ತು ಜನ ಮರೆಯುವುದೂ ಇದನ್ನೇ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ನೀರಿನ ಪಸೆಯನ್ನು ಹೀರುತ್ತದೆ. ಹೊಸ ಡಾಟ್ 3 (ಬ್ರೇಕ್ ಆಯಿಲಿನ ಒಂದು ದರ್ಜೆ) ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ನೀರು ಸೇರಿದ ಮೇಲೆ ಅದು 140ರ ಹತ್ತಿರಕ್ಕೂ ಇಳಿಯಬಹುದು. ಆಗುಂಬೆ ಘಾಟಿಯ 14 ತಿರುವುಗಳನ್ನು ಬ್ರೇಕ್ ಒತ್ತಿಕೊಂಡೇ ಇಳಿದರೆ ಚಕ್ರದ ಹತ್ತಿರ ಎಷ್ಟು ಬಿಸಿಯಾಗುತ್ತದೆ ಯೋಚಿಸಿ. ಒಳಗಿನ ಆಯಿಲ್ ಕುದಿದು ಆವಿಯಾದರೆ ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಅದಕ್ಕೇ ಇಳಿಯುವಾಗ ಎರಡನೇ ಗೇರಿನಲ್ಲಿ ಎಂಜಿನ್ನೇ ಹಿಡಿಯುವಂತೆ ಇಳಿಯಬೇಕು. ಅದಕ್ಕೇ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಲೇಬೇಕು.

ಈ ಕೆಲಸ ನಾನು ಮತ್ತು ಮಗಳು ಮಾಡುತ್ತೇವೆ. ನಮ್ಮ ಮೆಕ್ಯಾನಿಕ್ ಅಣ್ಣ ಎರಡು ಸಲ ಎದುರಿಗೆ ನಿಂತು ನನ್ನ ಕೈಯಲ್ಲಿ ಮಾಡಿಸಿದ ಮೇಲೆಯೇ ಧೈರ್ಯ ಮಾಡಿದ್ದು. ಮಗಳು ಡ್ರೈವರ್ ಸೀಟಿನಲ್ಲಿ. ನಾನು ಚಕ್ರದ ಹಿಂದೆ, ಆಯಿಲ್ ಹೊರಬಿಡುವ ತಿರುಪು, ಅಂದರೆ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಬಾಟಲಿಯಲ್ಲಿದ್ದ ಆಯಿಲ್ ಒಳಗೆ ಮುಳುಗಿಸಿ ಕೂತಿರುತ್ತೇನೆ. "ಒತ್ತು" ಅಂದರೆ ಒತ್ತುತ್ತಾಳೆ. "ಹಿಡ್ಕೋ" ಅಂದು ನಿಪ್ಪಲ್ ಕಾಲು ಸುತ್ತು ಸಡಿಲ ಮಾಡುತ್ತೇನೆ. "ಅಪ್ಪಾ, ಕೆಳಗೆ ಹೋಯ್ತು" ಅನ್ನುತ್ತಾಳೆ. ನಿಪ್ಪಲ್ ಬಿಗಿ ಮಾಡಿ "ಈಗ ಬಿಡು" ಅನ್ನುತ್ತೇನೆ. ಬಿಗಿ ಮಾಡುವ ಮೊದಲು ಕಾಲು ತೆಗೆದರೆ ಗಾಳಿ ಒಳಗೆ ಹೋಗುತ್ತದೆ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿಗೆ ದೂರದ ಹಿಂದಿನ ಚಕ್ರದಿಂದ ಶುರು ಮಾಡಿ ಹತ್ತಿರದ್ದಕ್ಕೆ ಬರುತ್ತೇವೆ. ಮೊದಲು ಬರುವುದು ಕಾಫಿ ಡಿಕಾಕ್ಷನ್ ಬಣ್ಣದ ಆಯಿಲ್. ಆಮೇಲೆ ಗುಳ್ಳೆ. ಆಮೇಲೆ ತಿಳಿ ಹಳದಿ. ಮೇಲಿನ ಬ್ರೇಕ್ ಆಯಿಲ್ ಡಬ್ಬಿ ಮಧ್ಯದಲ್ಲಿ ಖಾಲಿ ಆಗಲು ಬಿಡಬಾರದು. ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಬೇಕು, ಇಲ್ಲವಾದರೆ ಪೇಂಟ್ ಎದ್ದು ಬರುತ್ತದೆ. ಎಲ್ಲ ಮುಗಿದ ಮೇಲೆ ಪೆಡಲ್ ಗಟ್ಟಿಯಾಗಿದೆಯಾ ಅಂತ ಅಂಗಳದಲ್ಲೇ ನೋಡಿ, ಆಮೇಲೆ ಗೇಟು ದಾಟುತ್ತೇವೆ.

ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ನಾಲ್ಕು ದಿನ ಬಿಟ್ಟರೆ ಹಿಂದಿನ ಬ್ರೇಕ್ ಲೈನರ್ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಶೆಡ್ಡಿನಲ್ಲಿ ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ, ಸಾಕು.

ಸೆಲ್ಫ್ ಹೊಡೆದರೆ ಬರೀ 'ಟಕ್' ಅನ್ನುತ್ತದೆ ಅಂತ ಪಕ್ಕದ ಮನೆಯವರು ಹೊಸ ಬ್ಯಾಟರಿ ಹಾಕಿಸಿದರು. ಮೂರನೇ ದಿನ ಮತ್ತೆ ಅದೇ ಕತೆ. ಹೋಗಿ ನೋಡಿದರೆ ಬ್ಯಾಟರಿಯ ಮೈನಸ್ಸಿನಿಂದ ಕಾರಿನ ತಗಡಿಗೆ ಬರುವ ಅರ್ತ್ ವೈರಿನ ಬೋಲ್ಟ್ ತುಕ್ಕು ಹಿಡಿದು ಕೂತಿತ್ತು. ಬಿಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ, ಗ್ರೀಸ್ ಹಚ್ಚಿ ಬಿಗಿ ಮಾಡಿದೆ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಬಿಚ್ಚುವಾಗ ಯಾವತ್ತೂ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಮೈನಸ್ ಕೂತಿರುವಾಗಲೇ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಕಾರಿನ ತಗಡಿಗೆ ತಾಗಿದರೆ ದೊಡ್ಡ ಕಿಡಿ ಹಾರುತ್ತದೆ.

ಮಳೆಯಲ್ಲಿ ಎಂಜಿನ್ ಮಿಸ್ ಹೊಡೆದರೆ ನಾನು ರಾತ್ರಿ ಆಗಲಿ ಅಂತ ಕಾಯುತ್ತೇನೆ. ಕತ್ತಲಲ್ಲಿ ಬಾನೆಟ್ ಎತ್ತಿ, ಎಂಜಿನ್ ಚಾಲೂ ಇಟ್ಟು, ಕೈ ಹಾಕದೆ ನೋಡಬೇಕು. ಬಿರುಕು ಬಿಟ್ಟ ಪ್ಲಗ್ ವೈರಿನ ಮೇಲೆ ನೀಲಿ ಕಿಡಿ ಮಿಣಮಿಣ ಅನ್ನುತ್ತದೆ. ಹಗಲಲ್ಲಿ ಎಷ್ಟು ಹುಡುಕಿದರೂ ಅದು ಕಾಣುವುದಿಲ್ಲ.

ಇನ್ನೊಂದು ಫೋನು ಪ್ರತಿ ಜುಲೈನಲ್ಲಿ ಬರುತ್ತದೆ. "ಎಂಜಿನ್ ಆಯಿಲ್ ಮುಚ್ಚಳದ ಒಳಗೆ ಬೆಣ್ಣೆ ಹಾಗೆ ಬಂದಿದೆ, ಎಂಜಿನ್ ಹೋಯ್ತಾ?" ಗಾಬರಿ ಬೇಡ. ದಿನಾ ಎರಡು ಕಿಲೋಮೀಟರ್ ಮಾತ್ರ ಓಡಿಸಿದರೆ ಎಂಜಿನ್ ಪೂರ್ತಿ ಬಿಸಿ ಆಗುವುದಿಲ್ಲ. ಒಳಗಿನ ಪಸೆ ಆಯಿಲ್ ಜೊತೆ ಸೇರಿ ಹೀಗಾಗುತ್ತದೆ. ಮುಚ್ಚಳ ಒರೆಸಿ, ಶಿವಮೊಗ್ಗಕ್ಕೆ ಒಂದು ಸಲ ಹೋಗಿ ಬನ್ನಿ. ಆದರೆ ಜೊತೆಗೆ ಕೂಲೆಂಟ್ ಕಡಿಮೆ ಆಗುತ್ತಿದ್ದರೆ, ಡಿಪ್‌ಸ್ಟಿಕ್‌ನಲ್ಲೂ ಹಾಲು ಬೆರೆಸಿದ ಕಾಫಿ ಬಣ್ಣ ಇದ್ದರೆ ಎಂಜಿನ್ ಮೇಲ್ಭಾಗದ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಆಗ ಓಡಿಸಬೇಡಿ, ಮೆಕ್ಯಾನಿಕ್ಕನ್ನು ಕರೆಸಿ.

ಮನೆಯಲ್ಲಿ ಮಾಡದ ಕೆಲಸಗಳೂ ಇವೆ. ಸ್ಟೀರಿಂಗ್, ಟೈಮಿಂಗ್ ಬೆಲ್ಟ್, ಬ್ರೇಕ್ ಸಿಲಿಂಡರ್ ಇವಕ್ಕೆ ಕೈ ಹಾಕುವುದಿಲ್ಲ. ಬರೀ ಜಾಕಿ ಮೇಲೆ ನಿಂತ ಕಾರಿನ ಅಡಿಗೆ ಯಾವತ್ತೂ ಹೋಗುವುದಿಲ್ಲ. ನಮ್ಮ ಅಂಗಳದ ಮಣ್ಣು ಮಳೆಯಲ್ಲಿ ಜಾಕಿಯನ್ನೇ ನುಂಗುತ್ತದೆ. ಟಯರ್ ಬದಲಿಸಲೂ ಕೆಳಗೆ ಅಗಲದ ಹಲಗೆ ಬೇಕೇ ಬೇಕು.

ಬಿಡಿಭಾಗ ಸಿಗುತ್ತಾ ಅಂತಲೂ ಕೇಳುತ್ತಾರೆ. 800ರ ತಯಾರಿ ನಿಂತಿದ್ದು 2014ರಲ್ಲಿ. ಆದರೆ ಮಾರುತಿಯದೇ ಓಮ್ನಿ ವ್ಯಾನಿನಲ್ಲೂ ಇದರ ಹಾಗೆ 796 ಸಿಸಿ ಎಂಜಿನ್ನೇ, ಅದು 2019ರವರೆಗೆ ಬರುತ್ತಿತ್ತು. ಹಾಗಾಗಿ ಎಂಜಿನ್ ಸಾಮಾನಿಗೆ ನನಗೆ ಇನ್ನೂ ಕಷ್ಟ ಆಗಿಲ್ಲ. ಕಾರಿಗೆ 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೆ ಎಫ್‌ಸಿ ಮಾಡಿಸಿ ಆರ್‌ಸಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಆ ನವೀಕರಣದ ಶುಲ್ಕ 600ರಿಂದ 5,000 ರೂಪಾಯಿಗೆ ಏರಿದ್ದು ಹೊರೆಯೇ ಆಯಿತು.

ಈ ಸಲ ಹುಡುಕುತ್ತಿದ್ದದ್ದು ಬಲಗಡೆಯ ಒಂದು ಸೋರಿಕೆ. ಜಾಲರಿ ಚೊಕ್ಕ ಇದೆ, ಬಾಗಿಲಿನ ರಬ್ಬರ್ ಸರಿ ಇದೆ, ಆದರೂ ಕ್ಲಚ್ ಪೆಡಲಿನ ಹತ್ತಿರ ಹನಿ. ಭಾನುವಾರ ಡ್ಯಾಶ್‌ಬೋರ್ಡಿನ ಕೆಳಗಿನ ಒಳ ತಗಡಿಗೆಲ್ಲ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿದೆ. ಮಗಳು ಹೊರಗಿನಿಂದ ಪೈಪು ಹಿಡಿದಳು. ನಾನು ಟಾರ್ಚ್ ಹಿಡಿದು ಒಳಗೆ ಮಲಗಿದೆ. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಬಿಳಿ ಪೌಡರಿನ ಮಧ್ಯೆ ಒಂದು ಕಪ್ಪು ಗೆರೆ ಮೆಲ್ಲಗೆ ಇಳಿಯಿತು. ಅದರ ಜಾಡು ಹಿಡಿದು ಮೇಲೆ ಹೋದರೆ ಮುಂದಿನ ಗಾಜಿನ ಮೂಲೆಯಲ್ಲಿ ಬೀಡಿಂಗ್ (ಗಾಜಿನ ಸುತ್ತಲಿನ ರಬ್ಬರ್ ಪಟ್ಟಿ) ಒಂದು ಬೆರಳಿನಷ್ಟು ಉದ್ದ ಸೀಳಿದೆ. ಹೊಸ ಬೀಡಿಂಗ್ ಶಿವಮೊಗ್ಗದಿಂದ ಗುರುವಾರದ ಬಸ್ಸಿಗೆ ಬರುತ್ತದೆ. ಮೃಗಶಿರ ಹಿಡಿಯುವ ಮೊದಲು ಕೂರಿಸಬೇಕು.